ಬೋರಲು ಹಾಕಿದ ಬಕೆಟ್ಟು

ನೀಲಿ ಬಕೆಟ್ಟಿನ ಹಿಡಿಗೆ ಸುತ್ತಿದ್ದ ಕೆಂಪು ದಾರದ ಒಂದು ಎಳೆ ಬಿಚ್ಚಿಕೊಂಡು ನೆಲಕ್ಕೆ ತಾಗಿತ್ತು. ಬಕೆಟ್ಟು ನೆಟ್ಟಗಿದ್ದರೆ ಆ ಎಳೆ ನೆಲಕ್ಕೆ ತಾಗುವುದಿಲ್ಲ. ಯಾರೋ ಅದನ್ನು ಬೋರಲು ಹಾಕಿ ನಲ್ಲಿಕಟ್ಟೆಯ ಹಿಂದೆ, ಗೋಡೆಯ ಮಗ್ಗುಲಿಗೆ ಇಟ್ಟಿದ್ದರು.

ಹಳೇಬೀಡಿನ ನಮ್ಮ ಬೀದಿಗೆ ನೀರು ದಿನ ಬಿಟ್ಟು ದಿನ ಬರುತ್ತದೆ. ಬೆಳಕು ಹರಿಯುವ ಮೊದಲೇ ಕೊಡಗಳು, ಬಕೆಟ್ಟುಗಳು ನಲ್ಲಿಯ ಮುಂದೆ ಸಾಲಾಗಿ ಕೂತಿರುತ್ತವೆ. ಕೊಡ ಇದ್ದರೆ ಆ ಮನೆಯವರು ಇದ್ದ ಹಾಗೆ. ಅವರು ಒಳಗೆ ಒಲೆಯ ಮುಂದಿದ್ದರೂ ಸಾಲು ಕದಲಿದಾಗ ಹಿಂದಿನವರು ಅವರ ಕೊಡವನ್ನು ಕಾಲಿನಿಂದ ಮೆಲ್ಲಗೆ ಮುಂದೆ ತಳ್ಳುತ್ತಾರೆ. ಊರು ಬಿಟ್ಟವರದೋ ತೀರಿಕೊಂಡವರದೋ ಕೊಡ ಸಾಲಿನಲ್ಲಿ ಉಳಿದಿದ್ದರೆ ಮಾತ್ರ ಬೋರಲು ಹಾಕಿ ಪಕ್ಕಕ್ಕಿಡುತ್ತಾರೆ. ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ.

ಈ ಬಕೆಟ್ಟು ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ವಿದೇಶದ ಹೆಂಗಸಿನದು. ಅವರು ಊರು ಬಿಟ್ಟಿರಲಿಲ್ಲ. ಮನೆಯಿಂದ ಹೊರಡುವಾಗ ಮೇಲೆ ಅವರು ಕೆಮ್ಮಿದ್ದು ನನಗೆ ಕೇಳಿಸಿತ್ತು. ಯಾರೋ ತಪ್ಪು ತಿಳಿದಿರಬೇಕು ಎಂದುಕೊಂಡೆ. ಅರಸೀಕೆರೆಯ ಬಸ್ಸು ತಪ್ಪಿದರೆ ಕಾಲೇಜಿನ ಮೊದಲ ತರಗತಿ ತಪ್ಪುತ್ತದೆ. ಬಕೆಟ್ಟನ್ನು ಹಾಗೇ ಬಿಟ್ಟು ನಡೆದೆ.

ಅವರಿಗೆ ಅರವತ್ತು ದಾಟಿದೆ. ದೇವಸ್ಥಾನದ ತಳದ ಪಟ್ಟಿಯಲ್ಲಿರುವ ಆನೆಗಳನ್ನು ಒಂದೊಂದಾಗಿ ಪೆನ್ಸಿಲಿನಲ್ಲಿ ಬರೆಯಲು ಬಂದವರು ಮೂರು ವರ್ಷದಿಂದ ಇಲ್ಲೇ ಇದ್ದರು. ಒಂದು ಆನೆ ಇನ್ನೊಂದರಂತಿಲ್ಲ, ಆದ್ದರಿಂದ ಬೇಗ ಮುಗಿಯುವುದಿಲ್ಲ ಎನ್ನುತ್ತಿದ್ದರು. ಅವರ ಕನ್ನಡ ಪುಸ್ತಕದ ಕನ್ನಡ. ಅವರ ಗ್ಯಾಸು ನಮ್ಮಮ್ಮನ ಹೆಸರಿನಲ್ಲಿತ್ತು, ಫೋನಿನ ಸಿಮ್ಮು ನನ್ನ ಹೆಸರಿನಲ್ಲಿ. ಬ್ಯಾಂಕಿನವರು ಕೇಳುವ ವಿಳಾಸದ ದಾಖಲೆ ಪೊಲೀಸರಿಂದ ಬರಬೇಕು, ಪೊಲೀಸರು ಕೇಳುವ ದಾಖಲೆ ಬ್ಯಾಂಕಿನಿಂದ ಬರಬೇಕು. ಬೇಲೂರಿಗೂ ಹಾಸನಕ್ಕೂ ಅವರ ಜೊತೆ ಎಷ್ಟೋ ಸಲ ಅಲೆದಿದ್ದೇನೆ. ಊರಿನಲ್ಲಿ ಪೂರ್ತಿಯಾಗಿ ಅವರದು ಎನ್ನಬಹುದಾದ ವಸ್ತು ಆ ಬಕೆಟ್ಟು ಒಂದೇ. ದಾರವನ್ನು ಅವರೇ ಸುತ್ತಿದ್ದರು, ಗುರುತಿಗೆ.

ಆ ತಿಂಗಳು ಅವರ ವೀಸಾ ಮುಗಿಯುವುದರಲ್ಲಿತ್ತು. ಮುಂದುವರಿಸಲು ಅರ್ಜಿ ಹಾಕಿದ್ದೆವು. ಅವರು ಈ ವಿಳಾಸದಲ್ಲಿ ವಾಸವಿದ್ದಾರೆ ಎಂದು ಠಾಣೆಯಿಂದ ವರದಿ ಹೋಗಬೇಕಿತ್ತು, ಅಷ್ಟೇ. ಅದು ಹೋಗದಿದ್ದರೆ ತಿಂಗಳ ಕೊನೆಗೆ ಅವರು ದೇಶ ಬಿಡಬೇಕು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದಾಗ ಠಾಣೆಯ ಪೇದೆ ಫೋನ್ ಮಾಡಿದ.

"ನಿಮ್ಮನೆ ಫಾರಿನ್ ಅಮ್ಮ ಖಾಲಿ ಮಾಡವ್ರಂತಲ್ಲ ಮೇಡಂ. ಹೇಳ್ಬಾರ್ದಾ? ಬಿಸಿಲಲ್ಲಿ ಸುಮ್ನೆ ಬಂದೆ."

ಅವರು ಮಹಡಿಯ ಮೇಲೆಯೇ ಇದ್ದಾರೆ, ಒಂದು ವಾರದಿಂದ ಜ್ವರ, ಬಾಗಿಲು ಹಾಕಿಕೊಂಡು ಮಲಗಿರುತ್ತಾರೆ, ಅಮ್ಮ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿರಬೇಕು ಎಂದೆ.

"ಬೀದಿನೋರೆಲ್ಲ ಒಂದೇ ಮಾತು ಹೇಳ್ತವ್ರೆ, ಹೋದ್ರು ಅಂತ."

"ಸಂಜೆ ಬನ್ನಿ, ನೀವೇ ಕಣ್ಣಾರೆ ನೋಡಿ."

"ನೋಡಿದ್ರೆ ಅವ್ರೆ ಅಂತಾಯ್ತದೆ ಮೇಡಂ, ವಾಸ ಅವ್ರೆ ಅಂತ ಆಗಲ್ಲ. ಬಸ್ಸಿಳಿದು ಬರೋ ಫಾರಿನ್‌ನೋರು ದಿನಾ ಕಣ್ಣಿಗೆ ಬೀಳ್ತಾರೆ. ಬೀದಿಲಿ ಇಬ್ರು ಹೇಳ್ಬೇಕು. ನೀವಲ್ಲ, ನೀವು ಬಾಡಿಗೆ ತಗಳೋರು." ವರದಿಯನ್ನು ಎರಡು ದಿನ ತಡೆದಿಡುತ್ತೇನೆ ಎಂದು ಹೇಳಿ ಫೋನ್ ಇಟ್ಟುಬಿಟ್ಟ.

ಸಂಜೆ ಬಸ್ಸಿಳಿದು ಬೀದಿಗೆ ಬಂದಾಗ ಎದುರುಮನೆಯ ದೊಡ್ಡಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಮಗೆ ನೆಂಟರಲ್ಲ, ಬೀದಿಗೆಲ್ಲ ದೊಡ್ಡಮ್ಮ. ಮೇಲಿನವರು ಹೋದರೆಂದು ಹೇಳಿದ್ದು ಯಾರು ಎಂದು ಕೇಳಿದೆ.

"ಆಟೋದವ್ನು ಕಣವ್ವ. ಅವ್ನೇ ಅಂತೆ ಬುಟ್ಟು ಬಂದಿದ್ದು. ಪಾಪ, ಹೇಳ್ದೇನೆ ಹೊಂಟೋದ್ರಲ್ಲ. ಬಕೀಟು ಎತ್ತಿಟ್ಟಿವ್ನಿ, ಒಳಿಕ್ಕೆ ತಗಂಡು ಹೋಗು."

ಆಟೋ ನಿಲ್ದಾಣಕ್ಕೆ ಹೋದೆ. ಅಲ್ಲಿ ನಿಂತು ಮಾತಾಡುವ ಅಭ್ಯಾಸ ನನಗಿಲ್ಲ. ಡ್ರೈವರು ಸೀಟಿನಿಂದ ಇಳಿದು ನಿಂತ.

"ನಿಮ್ ಮೇಡಮ್ನೋರೇ ಕಣಕ್ಕ. ಹೋದ ವಾರ. ದೊಡ್ಡ ಪೆಟ್ಟಿಗೆ ಇತ್ತು. ಅರಸೀಕೆರೆ ಸ್ಟೇಷನ್ನು ಅಂದ್ರು. ಅದಕ್ಕೆ ಮುಂಚೆ ಹುಲಿಕೆರೆ ಕೊಳಕ್ಕೆ ಹೋಗ್ಬೇಕು ಅಂದ್ರು. ದಾರಿ ಅದಲ್ಲ ಅಂದೆ, ಇರ್ಲಿ ಅಂದ್ರು. ಮೆಟ್ಲು ಇಳಿದು ನೀರ ತಾವ ನಿಂತ್ಕಂಡ್ರು. ಫೋಟೋ ತೆಗೀಲಿಲ್ಲ. ಬಂದು ಕೂತ್ಕಂಡ್ರು."

ಪಕ್ಕದ ಆಟೋದಿಂದ ಇನ್ನೊಬ್ಬ, "ಏನ್ಲಾ, ನಿಂಗೆ ಎಲ್ಲಾ ಫಾರಿನ್ನೋರೂ ಒಂದೇ ಥರ ಕಾಣ್ತಾರೆ. ಬಾಡಿಗೆ ಕೊಟ್ರೆ ಸಾಕು," ಎಂದ.

"ಮುಚ್ಕಳ್ಲಾ. ಕನ್ನಡ ಮಾತಾಡೋ ಫಾರಿನ್ನೋರು ಊರಲ್ಲಿ ಎಷ್ಟು ಜನ ಅವ್ರೆ? ಸ್ಟೇಷನ್ನಲ್ಲಿ ಇಳಿದು 'ಹೋಗಿ ಬರುತ್ತೇನಪ್ಪಾ' ಅಂದ್ರು. ಹಂಗೇ, ಪುಸ್ತಕ ಓದ್ದಂಗೆ. ಕಡ್ಡಿ ಮುರಿದಿರೋ ಆ ಕಂದು ಕೊಡೆ ಬೇರೆ ಇತ್ತು ಕೈಯಲ್ಲಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮನೆಗೆ ಬಂದವಳು ನೇರವಾಗಿ ಮೇಲೆ ಹೋದೆ. ಅವರು ಗೋಡೆಗೆ ಒರಗಿ ಕೂತು ಅಮ್ಮ ಕೊಟ್ಟ ಗಂಜಿ ಕುಡಿಯುತ್ತಿದ್ದರು. ಜ್ವರದಲ್ಲಿ ಇಳಿದುಹೋಗಿದ್ದರು, ಗಂಟಲು ಕಟ್ಟಿತ್ತು. ಪೇದೆ ಹೇಳಿದ್ದನ್ನೂ ಆಟೋದವನು ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದೆ. ಅವರು ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. ಬಟ್ಟಲನ್ನು ಕೆಳಗಿಟ್ಟು, "ಹುಲಿಕೆರೆಯಲ್ಲಿ ಬಹಳ ಹೊತ್ತು ನಿಂತಿದ್ದರಂತೆಯೇ?" ಎಂದು ಕೇಳಿದರು.

"ಸ್ವಲ್ಪ ಹೊತ್ತು ಅಂತ ಕಾಣುತ್ತದೆ."

"ಊರು ಬಿಡುವುದಾದರೆ ನಾನೂ ಹಾಗೆಯೇ ಮಾಡುತ್ತಿದ್ದೆ," ಎಂದರು. ಆಮೇಲೆ, "ಯಾವ ರೈಲು ಹತ್ತಿದರೆಂದು ಅವನು ಹೇಳಲಿಲ್ಲವೇ?" ಎಂದರು.

ಇಲ್ಲ ಎಂದೆ. ಬಾಗಿಲ ಪಕ್ಕದ ಮೊಳೆಯ ಕಡೆ ನೋಡಿದೆ. ಕೊಡೆ ಅಲ್ಲಿ ನೇತಾಡುತ್ತಿರುತ್ತದೆ. ಅವತ್ತು ಮೊಳೆ ಮಾತ್ರ ಇತ್ತು. ನಾನು ನೋಡಿದ್ದನ್ನು ಅವರು ನೋಡಿದರು.

"ಎಲ್ಲಿ ಬಿಟ್ಟೆನೋ. ಈ ವಾರದ್ದು ನನಗೆ ಸರಿಯಾಗಿ ನೆನಪಿಲ್ಲ."

ಮರುದಿನ ಭಾನುವಾರ. ನೀರಿನ ದಿನವಲ್ಲ. ಅವರನ್ನು ನಾಲ್ಕು ಜನ ನೋಡಲಿ ಎಂದು ದೇವಸ್ಥಾನದ ಕಡೆ ನಡೆಸಿಕೊಂಡು ಹೊರಟೆ. ಬಸ್ಸುಗಳಿಂದ ಪ್ರವಾಸಿಗರು ಇಳಿಯುತ್ತಿದ್ದರು. ಪೋಸ್ಟ್ ಕಾರ್ಡ್ ಮಾರುವವರು, ಗೈಡುಗಳು ಅವರ ಜೊತೆಗೆ ಇವರನ್ನೂ ಸುತ್ತಿಕೊಂಡರು. ಮೂರು ವರ್ಷದಲ್ಲಿ ಇವರ ಹತ್ತಿರ ಬಂದು ಯಾರೂ ಹಾಗೆ ಕೂಗಿದ್ದಿಲ್ಲ. ನಮ್ಮ ಬೀದಿಯ ಹೂವಿನವಳು ದಿನವೂ ಇವರಿಗೆ ಒಂದು ಮೊಳ ಮಲ್ಲಿಗೆ ಕೊಡುವವಳು. ಅವಳೂ ಬುಟ್ಟಿಯಿಂದ ತಲೆಯೆತ್ತಿ, "ಹಲೋ ಮೇಡಂ, ವಿಚ್ ಕಂಟ್ರಿ?" ಎಂದಳು. ಆಮೇಲೆ ನನ್ನನ್ನು ನೋಡಿ ನಕ್ಕಳು. "ಕಾಲೇಜು ಬುಟ್ಟು ಗೈಡ್ ಕೆಲ್ಸ ಹಿಡಿದ್ಯೇನವ್ವ?"

"ಇವರು ನಮ್ಮ ಮಹಡಿ ಮೇಲಿನವರು. ಗುರುತು ಸಿಗಲಿಲ್ಲವಾ?"

ಅವಳು ಎದ್ದು ನಿಂತು ಹತ್ತಿರದಿಂದ ನೋಡಿದಳು. ನಗು ನಿಂತಿತು. "ಅವ್ರು ಹೋದ್ರಲ್ಲ," ಎಂದಳು. "ಇವ್ರೂ ಅವ್ರಂಗೇ ಅವ್ರೆ. ಅವ್ರ ತಂಗಿಯಾ?"

ನನ್ನ ಪಕ್ಕದಲ್ಲಿದ್ದವರು ಕನ್ನಡದಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ಚೀಲದಿಂದ ಚಿಲ್ಲರೆ ತೆಗೆದು ಹೂವು ಕೊಂಡು, ಮೊದಲ ಸಲ ಕೊಂಡವರ ಹಾಗೆ ಅದನ್ನು ಅಂಗೈಯಲ್ಲಿ ಹಿಡಿದುಕೊಂಡರು.

ವಾಪಸ್ಸು ಬರುವಾಗ ಅವರು ನನಗಿಂತ ಒಂದು ಹೆಜ್ಜೆ ಹಿಂದಿದ್ದರು. ಅವರ ಎಡಗೆನ್ನೆಯಲ್ಲಿ ಮಚ್ಚೆ ಇದೆಯೋ ಬಲಗೆನ್ನೆಯಲ್ಲೋ ಎಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಇನ್ನೊಬ್ಬರ ಮುಖವನ್ನು ದಿಟ್ಟಿಸುವುದು ಸರಿಯಲ್ಲ ಎಂದುಕೊಂಡೇ ಬೆಳೆದವಳು ನಾನು. ಮೂರು ವರ್ಷ ಅವರನ್ನೂ ಹಾಗೆ ನೋಡಿರಲಿಲ್ಲ. ತಿರುಗಿ ನೋಡಿದರೆ ಗೊತ್ತಾಗುತ್ತಿತ್ತು. ತಿರುಗಲಿಲ್ಲ.

ಮೆಟ್ಟಿಲ ಹತ್ತಿರ ಬಂದಾಗ ಅವರೇ ಕೇಳಿದರು.

"ನಾನು ಇಲ್ಲಿಯೇ ಇದ್ದೆ ಎಂದು ನೀವು ಬಲ್ಲಿರಿ ತಾನೆ?"

"ಗಂಜಿ ಕೊಟ್ಟಿದ್ದು ಅಮ್ಮ," ಎಂದೆ. "ನಾನು ಕೆಮ್ಮು ಕೇಳಿದ್ದೇನೆ."

ಅವರು ತಲೆಯಾಡಿಸಿ ಮೇಲೆ ಹೋದರು. ಅದಕ್ಕಿಂತ ಒಳ್ಳೆಯ ಉತ್ತರ ಕೊಡಬಹುದಿತ್ತು. ನನಗೆ ಗೊತ್ತಿದ್ದದ್ದು ಅಷ್ಟೇ.

ಕೆಳಗೆ ನಿಂತು ಯೋಚಿಸಿದೆ. ಈ ಊರಿನಲ್ಲಿ ಅವರ ಮುಖ ತೋರಿಸಿ ಪ್ರಯೋಜನವಿರಲಿಲ್ಲ. ಅಂಥ ಮುಖಗಳು ದಿನವೂ ಬರುತ್ತವೆ, ಸಂಜೆಯ ಬಸ್ಸಿಗೆ ಹೋಗುತ್ತವೆ. ಬೀದಿ ಅವರ ಮುಖ ನೋಡಿ ಅವರನ್ನು ಇಲ್ಲಿಯವರು ಅಂದಿರಲೂ ಇಲ್ಲ. ಪೇದೆಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ನಲ್ಲಿಯ ಹತ್ತಿರ ಬನ್ನಿ ಎಂದೆ. ಅವನು ಗೊಣಗಿದ, ಬರುವುದಿಲ್ಲ ಎನ್ನಲಿಲ್ಲ.

ಬೆಳಿಗ್ಗೆ ಮಂಜಿತ್ತು. ನಲ್ಲಿಕಟ್ಟೆಯ ಹಿಂದಿನಿಂದ ಬಕೆಟ್ಟನ್ನು ಎತ್ತಿದೆ. ಒಳಗೆ ಜೇಡ ಬಲೆ ಕಟ್ಟಿತ್ತು. ತೊಳೆದು, ಬಿಚ್ಚಿದ ಎಳೆಯನ್ನು ಹಿಡಿಗೆ ಸುತ್ತಿ ಗಂಟು ಹಾಕಿ, ಸಾಲಿನಲ್ಲಿ ನಮ್ಮ ಕೊಡದ ಮುಂದೆ ನೆಟ್ಟಗೆ ಇಟ್ಟೆ. ಮೇಲೆ ಹೋಗಿ ಬಾಗಿಲು ತಟ್ಟಿದೆ. ಅವರು ಶಾಲು ಹೊದ್ದು ಸಿದ್ಧವಾಗಿದ್ದರು. ಕೆಳಗೆ ಬಂದು ಬಕೆಟ್ಟಿನ ಪಕ್ಕದಲ್ಲಿ ನಿಂತರು. ಹೆಂಗಸರ ಮಾತು ತಗ್ಗಿತು. ಯಾರೂ ಅವರನ್ನು ನೇರವಾಗಿ ನೋಡಲಿಲ್ಲ. ಎಲ್ಲರೂ ಬಕೆಟ್ಟನ್ನು ನೋಡಿದರು.

ದೊಡ್ಡಮ್ಮನೇ ಮೊದಲು ಮಾತಾಡಿದ್ದು. "ಯಾವಾಗ ಬಂದ್ರವ್ವ?"

ಅವರು ಹೋಗೇ ಇರಲಿಲ್ಲ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ.

"ನಿನ್ನೆ ಬಂದೆ," ಎಂದರು ಅವರು.

"ಸಾಮಾನು ಎಲ್ಲಿ?"

"ಹಿಂದಿನಿಂದ ಬರುತ್ತದೆ."

ದೊಡ್ಡಮ್ಮನಿಗೆ ಅಷ್ಟು ಸಾಕಾಯಿತು. "ಹೋಗೋವಾಗ ಒಂದು ಮಾತು ಹೇಳ್ಬುಟ್ಟು ಹೋಗ್ಬಾರ್ದಾ? ಜ್ವರ ಬಂದಂಗೈತಲ್ಲ ಮುಖ. ಪರಸ್ಥಳದ ನೀರು ಕುಡಿದ್ರೆ ಇನ್ನೇನು."

ಪೇದೆ ಬೈಕ್ ನಿಲ್ಲಿಸಿ ಬಂದ. "ಇವ್ರು ಇಲ್ಲೇ ವಾಸನಾ?" ಎಂದು ಎಲ್ಲರನ್ನೂ ಸೇರಿಸಿ ಕೇಳಿದ.

"ಬಕೀಟು ಇಲ್ಲೈತಲ್ಲಪ್ಪ, ಕಾಣಕ್ಕಿಲ್ವಾ?" ಎಂದರು ದೊಡ್ಡಮ್ಮ. ಹಿಂದೆ ನಿಂತಿದ್ದ ಹೂವಿನವಳು, "ನಮ್ ಮೇಡಮ್ಮೇ ಕಣಣ್ಣ. ತಂಗಿ ನಿನ್ನೆ ಬಂದಿದ್ರು," ಎಂದಳು. ಅವನು ಇಬ್ಬರ ಹೆಸರನ್ನೂ ಬರೆದುಕೊಂಡ.

ಆ ಮಾತಿನಲ್ಲಿ ತಿದ್ದಬೇಕಾದದ್ದು ಬಹಳ ಇತ್ತು. ನಲ್ಲಿಯಲ್ಲಿ ಗಾಳಿ ಸುಯ್ಯೆಂದಿತು, ನೀರು ಬಂತು, ಮುಂದಿನ ಕೊಡ ತುಂಬಿ ಸಾಲು ಕದಲಿತು. ಅವರು ಕದಲದೆ ಬೀದಿಯ ಕೊನೆಯ ಕಡೆ, ಅರಸೀಕೆರೆಯ ಬಸ್ಸು ಬರುವ ದಿಕ್ಕನ್ನು ನೋಡುತ್ತ ನಿಂತಿದ್ದರು. ನಾನು ಏನನ್ನೂ ತಿದ್ದಲಿಲ್ಲ. ಕಾಲು ಚಾಚಿ ಅವರ ಬಕೆಟ್ಟನ್ನು ಮುಂದಕ್ಕೆ ತಳ್ಳಿದೆ.