ಚಿಲಕ ಯಾವ ಕಡೆಗೆ

ಬೀಗದಕ್ಕ ಎಂದರೆ ಆ ಬಡಾವಣೆಯಲ್ಲಿ ಗೊತ್ತಿಲ್ಲದವರಿಲ್ಲ. ಕೀಲಿ ಕಳೆದುಕೊಂಡು ತಮ್ಮ ಮನೆಯ ಮುಂದೆಯೇ ಕಳ್ಳರ ಹಾಗೆ ನಿಂತವರೆಲ್ಲ ಒಂದಲ್ಲ ಒಂದು ದಿನ ಅವಳ ಮುಂದೆ ಹಲ್ಲು ಗಿಂಜಿದವರೇ. ಠಾಣೆಯ ಬೀರುವಿನ ಕೀಲಿ ಕಾಣೆಯಾದಾಗಲೂ ಹೋಗಿ ತೆರೆದುಕೊಟ್ಟವಳು ಅವಳೇ. "ಕಳ್ಳರನ್ನ ಹಿಡಿಯೋರು ನೀವು, ಒಂದು ಕೀಲಿ ಹಿಡ್ಕೊಳ್ಳೋಕೆ ಆಗಲ್ವೇನ್ರೀ?" ಎಂದು ಅಲ್ಲಿನ ಮಹಿಳಾ ಪೇದೆಯನ್ನು ಛೇಡಿಸಿ ಬಂದಳು. ಅಂದಿನಿಂದ ಇಬ್ಬರಿಗೂ ಗಳಸ್ಯ ಕಂಠಸ್ಯ.

ಕಸುಬು ಕಲಿಸಿದವನು ಅಪ್ಪ. ಸೇತುವೆ ಪಕ್ಕದ ಗೂಡಂಗಡಿಯಲ್ಲಿ, ಅರದಿಂದ ಉದುರುವ ಹಿತ್ತಾಳೆಯ ಪುಡಿಯ ನಡುವೆ ಕೂತು, "ಬಾಗಿಲಿಗೆ ಎರಡು ಮುಖ ಮಗಳೇ. ಎರಡೂ ಕಡೆ ನಿಂತು ನೋಡದೆ ಬೀಗ ಹಾಕ್ಬೇಡ" ಎನ್ನುತ್ತಿದ್ದ. ಹಾಗಾಗಿ ಯಾವ ಕೆಲಸಕ್ಕೆ ಹೋದರೂ ಅವಳು ಒಮ್ಮೆ ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡು ನೋಡಿಯೇ ತಿರುಪು ಹಾಕುವುದು.

ಅವಳ ಗಂಡ ಕೈ ಮಾಡುವವನಾಗಿದ್ದ. ಅವಳು ತುಟಿ ಒಡೆದುಕೊಂಡು ನಲ್ಲಿಗೆ ಹೋದರೆ ಅಕ್ಕಪಕ್ಕದವರು, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಬುದ್ಧಿ ಹೇಳುವರು. ಆ ಗಾದೆ ಕಟ್ಟಿದ ಪುಣ್ಯಾತ್ಮನಿಗೆ ಒಂದು ಏಟಾದರೂ ಬಿದ್ದಿದ್ದರೆ ಬಾಯಿಂದ ಬೇರೆ ಮಾತು ಬರುತ್ತಿತ್ತು. ಏಟು ತಿಂದವಳಿಗೆ ಉಣ್ಣಲೂ ಆಗುವುದಿಲ್ಲ, ಮಲಗಲೂ ಆಗುವುದಿಲ್ಲ. ಕಡೆಗೊಂದು ದಿನ ಅವಳು ಅಪ್ಪ ತನಗೆ ಬಿಟ್ಟುಹೋಗಿದ್ದ, ಅವರಿಬ್ಬರೂ ಇದ್ದ ಮನೆಯ ಬೀಗವನ್ನೇ ಬದಲಾಯಿಸಿದಳು. ಸಂಜೆ ಗಂಡ ಬಂದು ಕೀಲಿ ತಿರುವಿದ, ಬೈದ, ಗೋಗರೆದ. ಅವಳು ಒಳಗಿನಿಂದಲೇ, "ಕೀಲಿ ಸರಿಯಾಗೇ ಇದೆ, ಮನೆ ಮಾತ್ರ ನಿನ್ನದಲ್ಲ" ಎಂದಳು. ನಾಲ್ಕು ದಿನ ಎಗರಾಡಿ ಆಮೇಲೆ ಅವನು ಈ ಕಡೆ ತಲೆ ಹಾಕಲಿಲ್ಲ.

ಇದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ, ಒಂದು ಮಧ್ಯಾಹ್ನ, ಇಸ್ತ್ರಿ ಮುರಿಯದ ಅಂಗಿಯ ಗಂಡಸೊಬ್ಬ ಅಂಗಡಿಗೆ ಬಂದ. ಮನೆಯ ಕೋಣೆಯೊಂದಕ್ಕೆ ಹೊರಗಿನಿಂದ ಗಟ್ಟಿ ಚಿಲಕ ಬೇಕಂತೆ.

"ಕೋಣೇಲಿ ಏನಿದೆ ಸಾರ್?"

"ಹೆಂಡ್ತಿ. ಅವಳಿಗೆ ತಲೆ ಸರಿಯಿಲ್ಲಮ್ಮ, ಎಲ್ಲೆಂದರಲ್ಲಿ ಹೊರಟುಬಿಡ್ತಾಳೆ. ಅವಳ ಒಳ್ಳೇದಕ್ಕೇ."

ಹೆಂಗಸನ್ನು ಕರೆದರೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ ಹೋಗುತ್ತಾಳೆ ಎಂದುಕೊಂಡಿದ್ದ, ಪಾಪ. ಬೀಗದಕ್ಕ ಚೀಲ ಹೆಗಲಿಗೇರಿಸಿ ಅವನ ಹಿಂದೆ ಹೊರಟಳು.

ಕೋಣೆಯಲ್ಲಿ ಮಂಚದ ಅಂಚಿಗೆ ಒಬ್ಬ ಹೆಂಗಸು ಕೂತಿದ್ದಳು. ಎಡಗೈ ಮಣಿಕಟ್ಟು ಊದಿಕೊಂಡಿತ್ತು. "ಮೆಟ್ಟಿಲಿಂದ ಬಿದ್ಲು," ಎಂದ ಗಂಡ, ಯಾರೂ ಕೇಳದಿದ್ದರೂ. ಬೀಗದಕ್ಕ ಬಾಗಿಲ ಒಳಮೈ ನೋಡಿದಳು. ಅಲ್ಲಿ ಮೊದಲೊಂದು ಚಿಲಕವಿತ್ತು. ಯಾರೋ ಅದನ್ನು ಕಿತ್ತು ಹಾಕಿದ್ದರು. ತಿರುಪಿನ ತೂತುಗಳ ಸುತ್ತ ಮರ ಹೊಸದಾಗಿ ಸಿಗಿದುಹೋಗಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಒಳಗಿಂದ ಮುಚ್ಚಿ ನೋಡ್ಬೇಕು ಸಾರ್, ನಮ್ಮ ಕೆಲಸ ಇರೋದೇ ಹಾಗೆ," ಎಂದು ಅವನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿ, ಅದಕ್ಕೆ ಬೆನ್ನು ಒತ್ತಿ ನಿಂತಳು. ದನಿ ತಗ್ಗಿಸಿ ಕೇಳಿದಳು: "ಆ ಮೆಟ್ಟಿಲು ಆಗಾಗ ತಳ್ಳುತ್ತಾ ತಾಯಿ?"

ಹೆಂಗಸು ಊದಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ನನ್ನ ತಲೆ ಸರಿಯಾಗೇ ಇದೆ ಅಕ್ಕ. ತಂಗಿಗೆ ಫೋನ್ ಮಾಡಿದ್ದಕ್ಕೆ ಕೈ ತಿರುಚಿದ್ರು."

ಬೀಗದಕ್ಕ ಚೀಲದಿಂದ ಹೊಸ ಚಿಲಕ ತೆಗೆದು ಅವಳ ಮುಂದೆ ಹಿಡಿದಳು. "ಹೊರಗಡೆ ಹಾಕು ಅಂತ ಅವರು ಹೇಳಿದಾರೆ. ಬಾಗಿಲ ಈ ಕಡೆಯವಳು ನೀನು. ಎಲ್ಲಿ ಹಾಕ್ಲಿ, ನೀನು ಹೇಳು."

ಹೆಂಗಸು ಒಮ್ಮೆ ಚಿಲಕ ನೋಡಿದಳು, ಒಮ್ಮೆ ಬಾಗಿಲು ನೋಡಿದಳು. ಬೀಗದಕ್ಕನಿಗೆ ಒಳಗೊಳಗೇ ಅಳುಕು. ಇವಳು ಹೆದರಿ 'ಅವರು ಹೇಳಿದ ಹಾಗೆ ಹಾಕಿ' ಎಂದುಬಿಟ್ಟರೆ? ಠಾಣೆಯವರು ಬಂದರೂ 'ಮೆಟ್ಟಿಲಿಂದ ಬಿದ್ದೆ' ಎಂದೇ ಹೇಳಿಬಿಟ್ಟರೆ? ಎಂಥ ಬೀಗವನ್ನೂ ತೆರೆಯಬಲ್ಲ ಕೈ ಇಲ್ಲಿ ಏನೂ ಮಾಡುವಂತಿರಲಿಲ್ಲ. ಆ ಹೆಂಗಸೇ ಬಾಯಿಬಿಟ್ಟು ಹೇಳಬೇಕಿತ್ತು.

ಹೆಂಗಸು ಎದ್ದಳು. ನಿಧಾನ ನಡೆದು ಬಂದು ಬಾಗಿಲ ಒಳಮೈಯ ಹಳೆಯ ತೂತಿನ ಮೇಲೆ ಬೆರಳಿಟ್ಟಳು.

"ಇಲ್ಲಿ."

ಬೀಗದಕ್ಕ ಸರಸರನೆ ತಿರುಪು ಬಿಗಿಯತೊಡಗಿದಳು. ಹೊರಗಿನಿಂದ ಗಂಡ, "ಆಯ್ತೇನಮ್ಮ?" ಎಂದ.

"ಆಗ್ತಾ ಇದೆ ಸಾರ್, ಮರ ಸ್ವಲ್ಪ ಮೊಂಡು."

ಚಿಲಕ ಸರಿದು ಕೂತ ಮೇಲೆ ಅವಳು ಪೇದೆ ಗೆಳತಿಗೆ ಫೋನ್ ಮಾಡಿದಳು. ವಿಷಯ ಹೇಳಿದ್ದು ಮಾತ್ರ ಆ ಹೆಂಗಸೇ, ತಡವರಿಸುತ್ತ, ಆದರೆ ಒಂದನ್ನೂ ಬಿಡದೆ. ಮಾತು ಕೇಳಿಸಿ ಗಂಡ ಬಾಗಿಲು ದಬ್ಬಿದ, ಗುದ್ದಿದ, ಒದ್ದ. ಹೆಂಗಸು ಬೆಚ್ಚಿ ಹಿಂದೆ ಸರಿದಳು. ಚಿಲಕ ಜಪ್ಪಯ್ಯ ಎನ್ನಲಿಲ್ಲ.

"ಒದೀರಿ ಸಾರ್, ಒದೀರಿ! ಗಟ್ಟಿ ಚಿಲಕ ಬೇಕು ಅಂದೋರು ನೀವೇ ತಾನೇ?" ಎಂದು ಬೀಗದಕ್ಕ ಕೂಗಿದಳು. ಅಷ್ಟು ಭಯದಲ್ಲೂ ಆ ಹೆಂಗಸಿಗೆ ನಗು ಬಂದುಬಿಟ್ಟಿತು. ಅವಳು ನಕ್ಕು ಎಷ್ಟು ದಿನವಾಗಿತ್ತೋ ಏನೋ.

ಗೆಳತಿ ಇನ್ನೊಬ್ಬ ಪೇದೆಯೊಂದಿಗೆ ಬಂದು ದನಿ ಕೊಟ್ಟ ಮೇಲೆಯೇ ಬಾಗಿಲು ತೆರೆದದ್ದು. ಗಂಡ ಇಂಗು ತಿಂದ ಮಂಗನಂತೆ ನಡುಮನೆಯಲ್ಲಿ ನಿಂತಿದ್ದ, ಪಕ್ಕದಲ್ಲಿ ಆ ಪೇದೆ. ಮೊದಲು ಆಸ್ಪತ್ರೆ, ಆಮೇಲೆ ದೂರು ಎಂದು ತೀರ್ಮಾನವಾಯಿತು. ಆದರೆ ಆ ಹೆಂಗಸು ಬೀದಿ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಾಗ ಗಂಡನ ಗಂಟಲು ಮತ್ತೆ ತೆರೆಯಿತು.

"ಹೊಸ್ತಿಲು ದಾಟಿದ್ರೆ ಈ ಬಾಗಿಲು ನಿಂಗೆ ಇನ್ಯಾವತ್ತೂ ತೆಗೆಯಲ್ಲ, ನೆನಪಿಟ್ಕೋ!"

ಈ ಒಂದು ಮಾತು ಎಷ್ಟು ಹೆಂಗಸರನ್ನು ಹೊಸ್ತಿಲಲ್ಲೇ ಕಟ್ಟಿಹಾಕಿದೆಯೋ ಲೆಕ್ಕವಿಟ್ಟವರಿಲ್ಲ. ಆಗಲೇ ಹೊರಗೆ ಇಳಿದಿದ್ದ ಬೀಗದಕ್ಕ, ಪೇದೆ ಗೆಳತಿ ಇಬ್ಬರೂ ಹಿಂತಿರುಗಿ ನೋಡಿದರು.

ಹೆಂಗಸು ಹೊಸ್ತಿಲು ದಾಟಿ, ಆಚೆ ನಿಂತು, ಅವನತ್ತ ತಿರುಗಿದಳು.

"ಹಾಗಾದ್ರೆ ಭದ್ರವಾಗಿ ಹಾಕ್ಕೊಳ್ಳಿ," ಎಂದು, ನೋವಿಲ್ಲದ ಕೈಯಿಂದ ಬಾಗಿಲನ್ನು ತಾನೇ ಎಳೆದು ಮುಚ್ಚಿದಳು.