ಉಳಿದಿದ್ದದ್ದು ಒಂದೇ ಮೊಗ್ಗು

ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಪಾಟುಗಳಲ್ಲಿ ಜೋಡಿಸಿಟ್ಟ ಆ ಸಂಗ್ರಹಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಪರಾಗದಕ್ಕ ಎಂದೇ. ಇಪ್ಪತ್ತಾರು ವರ್ಷದಿಂದ ಒಂದೇ ಕೆಲಸ: ಹೂವಿನ ಪರಾಗಕ್ಕೆ ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯುವುದು. "ಆಫೀಸಲ್ಲಿ ಕಣ್ಣಿಗೆ ಕಾಣದ ಧೂಳು ಹುಡುಕ್ತಾಳೆ, ಮನೇಲಿ ಕಣ್ಣಿಗೆ ರಾಚೋ ಧೂಳು ಕಾಣಲ್ಲ," ಎಂದು ಅತ್ತೆ ಗೊಣಗುತ್ತಿದ್ದರು. ಅದೇನೂ ಸುಳ್ಳಲ್ಲ ಬಿಡಿ.

ಈಗ ಆ ಕೆಲಸಕ್ಕೇ ಸಂಚಕಾರ ಬಂದಿತ್ತು. ಹುಲ್ಲಿನಂಥ ಎಲೆಯ ಗಿಡವೊಂದು ಎಷ್ಟೋ ಕಾಲದಿಂದ ಬೀಜದಲ್ಲಿ ಒಂದೇ ಬೇಳೆಯಿರುವ ಏಕದಳ ಗಿಡಗಳ ಕಪಾಟಿನಲ್ಲಿತ್ತು. ಏಕದಳದ ಪರಾಗದ ಕಣದ ಮೇಲೆ ಸಾಮಾನ್ಯವಾಗಿ ಒಂದೇ ಸೀಳು. ಇವಳು ಬರೆದ ಚಿತ್ರದಲ್ಲಿ ಮೂರು! ಮೂರು ಸೀಳು ದ್ವಿದಳದ ಗುರುತು.

"ಬೇರೆ ಹೂವಿನ ಪರಾಗ ಬೆರೆಸಿಬಿಟ್ಟಿದ್ದೀಯ ಕಣಮ್ಮ," ಎಂದರು ಮುಖ್ಯಸ್ಥೆ. "ವಯಸ್ಸಾಯ್ತು. ಸೋಮವಾರದಿಂದ ಹಾಳೆ ಅಂಟಿಸೋ ಕಡೆ ಕೂತ್ಕೋ."

ಅವಮಾನಕ್ಕೆ ಅವಳ ಮೈಯೆಲ್ಲ ಉರಿಯಿತು.

"ಅರಳಿದ ಹೂವಿಗಾದ್ರೆ ಎಲ್ಲಿಂದಲೋ ಪರಾಗ ಬಂದು ಕೂರಬಹುದು ಮೇಡಂ. ಬಾಯಿ ಬಿಡದ ಮೊಗ್ಗಿನೊಳಗೆ ಯಾರು ಹೋಗಿ ಬೆರೆಸ್ತಾರೆ? ನಿಮ್ಮೆದುರಿಗೇ ಬಿಡಿಸ್ತೀನಿ."

"ಹಾಳೇಲಿ ಉಳಿದಿರೋದೇ ಒಂದು ಮೊಗ್ಗು. ಕೆಟ್ಟರೆ?"

"ಕೆಟ್ಟರೆ ನಾನೇ ಹಾಳೆ ಅಂಟಿಸೋಕೆ ಹೋಗ್ತೀನಿ."

ಆಡಿದ್ದೇನೋ ಆಡಿಬಿಟ್ಟಳು. ಬಿಸಿನೀರಿನಲ್ಲಿ ನೆನೆಸಿದ ಮೊಗ್ಗು ಅಕ್ಕಿಕಾಳಿಗಿಂತ ಚಿಕ್ಕದು. ಸೂಜಿ ಹಿಡಿದು ಸೀಳಿದಳು. ಮೊದಲ ಪರಾಗಕೋಶ ಸೂಜಿ ತಾಗಿದ್ದೇ ತಡ, ಸಿಡಿದು ನೀರಿನಲ್ಲಿ ಹೋಯಿತು. ಎರಡನೆಯದು ಹೇಗೋ ಕೈಗೆ ಸಿಕ್ಕಿತು. ಬಣ್ಣದ ಹನಿ ಬಿಟ್ಟು, ಗಾಜು ಮುಚ್ಚಿ, ಸೂಕ್ಷ್ಮದರ್ಶಕದಡಿ ಇಟ್ಟು, ತಾನು ನೋಡದೆ ಸ್ಟೂಲನ್ನು ಮುಖ್ಯಸ್ಥೆಯತ್ತ ತಳ್ಳಿದಳು.

ಮುಖ್ಯಸ್ಥೆ ನೋಡಿದರು. ಗುಂಡಿ ತಿರುಗಿಸಿ ಮತ್ತೆ ನೋಡಿದರು. ಗಾಜಿನ ಪಟ್ಟಿ ಸರಿಸಿ ಪಕ್ಕದ ಕಣಗಳನ್ನೂ ನೋಡಿದರು.

"ಮೂರು," ಎಂದರು ಕೊನೆಗೆ, ಕಣ್ಣು ತೆಗೆಯದೆ. "ಎಲ್ಲದರಲ್ಲೂ ಮೂರೇ ಇದೆಯಲ್ಲೇ! ಇಷ್ಟು ವರ್ಷ ಎಲೆ ನೋಡಿ ಮೋಸ ಹೋದ್ವಿ. ನಿನಗೆ ಅಂದಿದ್ದು ನಂದೇ ತಪ್ಪು."

ಪರಾಗದಕ್ಕನಿಗೆ ಸಂತೋಷ ತಡೆಯಲಾಗಲಿಲ್ಲ, ಅತ್ತೇಬಿಟ್ಟಳು. ಮುಖ್ಯಸ್ಥೆ ಎದ್ದು ಏಕದಳದ ಕಪಾಟು ತೆರೆದು, ಆ ಗಿಡದ ನೆಂಟರೆನಿಸಿಕೊಂಡಿದ್ದ ಹಾಳೆಗಳ ಕಟ್ಟನ್ನೆಲ್ಲ ಎತ್ತಿ ತಂದು ಅವಳ ಮುಂದಿಟ್ಟರು.

"ಇವನ್ನೂ ಹಾಗೇ ನಂಬಿಕೊಂಡು ಕೂತಿದ್ದೀವಿ. ಒಂದೊಂದಾಗಿ ನೋಡು. ನೀನು ಹೇಳೋವರೆಗೂ ಇವನ್ನ ಯಾವ ಕಪಾಟಲ್ಲೂ ಇಡಲ್ಲ."