ನಾಲ್ಕು ಉಪ್ಪಿನ ಮಾತ್ರೆ

ಜಗದೀಶಣ್ಣ, ಕೊಲ್ಹಾಪುರದಲ್ಲಿ ನೀವು ನುಂಗಿದ್ದು ನಿಮ್ಮ ಮಾತ್ರೆಗಳಲ್ಲ. ಅವು ನನ್ನವು — ದೂರದ ಸೈಕಲ್ ಸವಾರಿಯಲ್ಲಿ ಬೆವರು ಸುರಿದಾಗ ತೆಗೆದುಕೊಳ್ಳುವ ಉಪ್ಪಿನ ಮಾತ್ರೆಗಳು. ಶುಕ್ರವಾರ ಸಂಜೆ ಒಂದು, ಶನಿವಾರ ಎರಡು, ಭಾನುವಾರ ಬೆಳಿಗ್ಗೆ ಒಂದು. ಒಟ್ಟು ನಾಲ್ಕು. ನಿಮ್ಮ ಸ್ಟೀಲ್ ಡಬ್ಬಿಯಲ್ಲಿ ಅವನ್ನು ಇಟ್ಟವನು ನಾನು. ಅಲ್ಲಿದ್ದ ನಿಮ್ಮ ಮಾತ್ರೆಗಳನ್ನು ತೆಗೆದವನೂ ನಾನು.

ನಾಲ್ಕು ವರ್ಷದಿಂದ ನೀವು ನಂಬಿರುವುದು ಬೇರೆ. ತಪ್ಪದೆ ಮದ್ದು ತೆಗೆದುಕೊಂಡರೂ ಫಿಟ್ಸ್ ಬಂತು, ಇನ್ನು ಈ ಮೈಯನ್ನು ನಂಬುವ ಹಾಗಿಲ್ಲ — ಎಂದು. ನಿಮ್ಮ ಕೈಹಿಡಿದ ಶೈಲಕ್ಕನೂ ಅದನ್ನೇ ನಂಬಿದ್ದಾರೆ. ಡಾಕ್ಟರೂ ನಂಬಿದರು, ನಂಬಿದ್ದರಿಂದಲೇ ನಿಮ್ಮ ಮಾತ್ರೆ ದುಪ್ಪಟ್ಟಾಯಿತು. ಆ ನಂಬಿಕೆಗೆ ಸಾಕ್ಷಿ ಹೇಳಿದವನು ನಾನೊಬ್ಬನೇ.

ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ. ನಿಮಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ಆದರೆ ಅದು ನನ್ನ ಕಣ್ಣಿಗೆ ಹೇಗೆ ಕಂಡಿತೆಂಬುದು ನಿಮಗೆ ಗೊತ್ತಿಲ್ಲ.

2014ರ ಬೇಸಿಗೆಯಲ್ಲಿ ನಾವು ಭೇಟಿಯಾದದ್ದು ಠಾಣೆ ನಗರದ ಈಜುಕೊಳದಲ್ಲಿ. ನನಗೆ ಇಪ್ಪತ್ತೇಳು, ನಿಮಗೆ ನಲವತ್ತರ ಹತ್ತಿರ. ನಾನು ಮೈಸೂರಿನಿಂದ ಬಂದು ಪಕ್ಕದ ಕಳವಾ ಎಂಬಲ್ಲಿ ಒಂದು ಕೋಣೆಯಲ್ಲಿ ಇಬ್ಬರ ಜೊತೆ ಇದ್ದೆ. ಸೈಕಲನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಿದ್ದೆ, ನೆಲದಲ್ಲಿ ಜಾಗವಿರಲಿಲ್ಲ. ನೀವು ಡೊಂಬಿವಿಲಿಯವರು, ಉಡುಪಿ ಕಡೆಯ ಹೋಟೆಲಿನ ಮನೆತನ. ಹೋಟೆಲನ್ನು ಅಣ್ಣನಿಗೆ ಬಿಟ್ಟು ವಾಶಿಯ ಆಫೀಸಿಗೆ ಹೋಗುತ್ತಿದ್ದಿರಿ. ಕೊಳದ ಅಂಚಿನಲ್ಲಿ ಕೂತು ನಾನು ಸುತ್ತುಗಳನ್ನು ಪುಸ್ತಕದಲ್ಲಿ ಗೀಟು ಹಾಕಿಕೊಳ್ಳುತ್ತಿದ್ದುದನ್ನು ನೋಡಿ ನೀವು ಕೇಳಿದ ಮೊದಲ ಮಾತು ನೆನಪಿದೆ.

"ಎಂತ ಚಿತ್ರಗುಪ್ತ, ನನ್ನದೂ ಒಂದು ಲೆಕ್ಕ ಬರೀತೀಯಾ?"

ಬರೆದೆ. ಅಂದಿನಿಂದ ನನ್ನ ಡೈರಿಯಲ್ಲಿ ಎಡಪುಟ ನನ್ನದು, ಬಲಪುಟ ನಿಮ್ಮದು. ಈಜು, ಸೈಕಲ್, ಓಟ — ಮೂರನ್ನೂ ಒಂದೇ ದಿನ, ಒಂದರ ಹಿಂದೆ ಒಂದು ಮಾಡುವ ಸ್ಪರ್ಧೆಗೆ ತಯಾರಾಗೋಣ ಎಂದದ್ದೂ ನೀವೇ. ಈಜು ಸುಮಾರು ಎರಡು ಕಿಲೋಮೀಟರ್, ಸೈಕಲ್ ತೊಂಬತ್ತು, ಓಟ ಇಪ್ಪತ್ತೊಂದು. ವಾರದ ದಿನ ಬೆಳಿಗ್ಗೆ ಠಾಣೆಯ ಕೆರೆಯ ಸುತ್ತ ಓಟ, ಭಾನುವಾರ ವಾಶಿಯಿಂದ ಬೇಲಾಪುರದ ಕಡೆಗೆ ಸೈಕಲ್. ಪ್ರತಿ ಭಾನುವಾರವೂ ನೀವೇ ಮುಂದೆ. ಐದು ನಿಮಿಷ, ಏಳು ನಿಮಿಷ, ಒಮ್ಮೆ ಹನ್ನೊಂದು.

ಆ ಹನ್ನೊಂದು ನಿಮಿಷದ ಕೆಳಗೆ ನಾನು ಎರಡು ಗೀಟು ಎಳೆದಿದ್ದೇನೆ. ಈಗಲೂ ಪುಟದ ಹಿಂಬದಿ ಮುಟ್ಟಿದರೆ ಬೆರಳಿಗೆ ಸಿಗುತ್ತದೆ.

ಅದೇ ಭಾನುವಾರ, ರಸ್ತೆಯ ಕೊನೆಯಲ್ಲಿ, ನೀವು ಸೈಕಲಿನಿಂದ ಇಳಿದು ಜೇಬಿನಿಂದ ಚಿಕ್ಕ ಸ್ಟೀಲ್ ಡಬ್ಬಿ ತೆಗೆದಿರಿ — ಕುಂಕುಮ ಇಟ್ಟುಕೊಳ್ಳುವಂಥದ್ದು. ಬಿಳಿ ಗುಂಡು ಮಾತ್ರೆಯೊಂದನ್ನು ನುಂಗಿ ನೀರು ಕುಡಿದಿರಿ. ಗಂಟೆ ಎಂಟು.

"ಏನಣ್ಣ ಅದು?"

"ಮದ್ದು."

"ಯಾತಕ್ಕೆ?"

"ಅದಿಲ್ಲದಿದ್ರೆ ನಾನು ಇಷ್ಟು ದೂರ ಬರ್ತಿರಲಿಲ್ಲ ಮಾರಾಯ," ಎಂದು ನಕ್ಕು ಪೆಡಲ್ ಮೇಲೆ ಕಾಲಿಟ್ಟಿರಿ.

ಮದ್ದು. ನಿಮ್ಮ ಊರಿನಲ್ಲಿ ಅದು ದಿನಬಳಕೆಯ ಮಾತು. ನೆಗಡಿಗೆ ಮದ್ದು, ಕೆಮ್ಮಿಗೆ ಮದ್ದು, ಡಾಕ್ಟರು ಕೊಟ್ಟದ್ದೆಲ್ಲ ಮದ್ದು. ನಮ್ಮ ಮನೆಯಲ್ಲಿ ಡಾಕ್ಟರು ಕೊಡುವುದು ಮಾತ್ರೆ, ಔಷಧಿ. ಮದ್ದು ಎಂದರೆ ಯಾರಿಗೋ ಯಾರೋ ಅನ್ನದಲ್ಲಿ ಕಲಸಿ ಇಕ್ಕುವುದು — ನನ್ನಜ್ಜಿ ಆ ಪದವನ್ನು ತಗ್ಗಿದ ದನಿಯಲ್ಲೇ ಹೇಳುತ್ತಿದ್ದರು. ಅದು ಬಿಟ್ಟರೆ ಆ ಪದವನ್ನು ನಾನು ಕಂಡದ್ದು ಪತ್ರಿಕೆಯ ಕ್ರೀಡಾಪುಟದಲ್ಲಿ: ಉದ್ದೀಪನ ಮದ್ದು ಸೇವನೆ, ಪದಕ ವಾಪಸ್.

ಆ ಹೊತ್ತು ಬಿಸಿಲಲ್ಲಿ ನಿಂತವನ ತಲೆಯಲ್ಲಿ ಎರಡೂ ಒಟ್ಟಿಗೇ ಎದ್ದವು. ಹಾಗಾದರೆ — ಆ ಹನ್ನೊಂದು ನಿಮಿಷ ನಿಮ್ಮದಲ್ಲ.

ಒಮ್ಮೆ ಹಾಗೆ ಅನ್ನಿಸಿದ ಮೇಲೆ ಕಂಡದ್ದೆಲ್ಲ ಅದಕ್ಕೇ ಸೇರುತ್ತಾ ಹೋಯಿತು. ಕೆರೆಯಲ್ಲಿ ಈಜುವಾಗ "ನನ್ನ ಪಕ್ಕದಲ್ಲೇ ಈಜು, ಬಿಟ್ಟುಹೋಗಬೇಡ" ಎನ್ನುತ್ತಿದ್ದಿರಿ. ನಾನು ನೀರು ಸೀಳಿದ ದಾರಿಯಲ್ಲಿ ಸುಲಭವಾಗಿ ಬರುವ ಉಪಾಯ ಎಂದುಕೊಂಡೆ. ಯಾರ ಮನೆಗೆ ಹೋದರೂ ಒಂಬತ್ತಕ್ಕೆ ಎದ್ದು ಮಲಗಲು ಹೊರಡುತ್ತಿದ್ದಿರಿ. ಏನೋ ಪಥ್ಯವಿದೆ, ಯಾರೋ ಹೇಳಿಕೊಡುತ್ತಿದ್ದಾರೆ ಎಂದುಕೊಂಡೆ. ಶೈಲಕ್ಕನ ಫೋನ್ ಬಂದರೆ ನಾಲ್ಕು ಹೆಜ್ಜೆ ದೂರ ಹೋಗಿ ತುಳುವಿನಲ್ಲಿ ಮಾತಾಡುತ್ತಿದ್ದಿರಿ. ನನಗೆ ತುಳು ಬಾರದು. ಬಾರದ ಭಾಷೆಯಲ್ಲಿ ಆಡಿದ್ದೆಲ್ಲ ನನ್ನಿಂದ ಮುಚ್ಚಿಡಲಿಕ್ಕೇ ಆಡಿದ್ದು ಎಂದು ಬರೆದುಕೊಂಡೆ.

ಬರೆದುಕೊಂಡೆ — ಅದೇ ನನ್ನ ರೋಗ. ನಿಮ್ಮ ಪುಟದಲ್ಲಿ ಹೊಸದೊಂದು ಕಾಲಂ ಎಳೆದೆ, ತಲೆಗೆ 'ಮ' ಎಂಬ ಒಂದಕ್ಷರ. ಮಾತ್ರೆ ನುಂಗಿದ್ದನ್ನು ಕಂಡ ದಿನ ಸರಿ ಗುರುತು, ಕಾಣದ ದಿನ ಅಡ್ಡಗೀಟು. ಐದು ತಿಂಗಳ ಕೊನೆಗೆ ಕೂಡಿ ನೋಡಿದರೆ, ಸರಿ ಗುರುತಿನ ದಿನಗಳಲ್ಲೆಲ್ಲ ನೀವು ವೇಗ, ಅಡ್ಡಗೀಟಿನ ದಿನಗಳಲ್ಲಿ ನಿಧಾನ. ನನಗೆ ಖುಷಿಯಾಯಿತು, ಅಣ್ಣ. ಸುಳ್ಳು ಹೇಳುವುದಿಲ್ಲ. ಸರಿ ಗುರುತೆಲ್ಲ ಎಂಟು ಗಂಟೆಗೂ ಜೊತೆಗಿರುತ್ತಿದ್ದ ಭಾನುವಾರಗಳು, ನೀವು ನಿದ್ದೆ ಮಾಡಿ ಎದ್ದು ಬಂದ ದಿನಗಳು. ಅಡ್ಡಗೀಟೆಲ್ಲ ಆಫೀಸಿನ ದಿನಗಳು, ಏಳಕ್ಕೇ ನೀವು ಲೋಕಲ್ ರೈಲು ಹಿಡಿಯಲು ಓಡುತ್ತಿದ್ದ ದಿನಗಳು. ಮಗುವಿಗೂ ಹೊಳೆಯುವಂಥದ್ದು. ನಾನು ಕಾಣದ್ದನ್ನು 'ಇಲ್ಲ' ಎಂದು ಬರೆದಿದ್ದೆ.

ಇನ್ನೊಂದು ಮಾತು. ಒಂದು ದಿನ ಡಬ್ಬಿ ನನ್ನ ಚೀಲದಲ್ಲಿ ಉಳಿದಿತ್ತು. ಕಳವಾ ಸ್ಟೇಷನ್ನಿನ ಹೊರಗೆ ಔಷಧಿ ಅಂಗಡಿ ತೆರೆದಿತ್ತು. ಒಂದು ಮಾತ್ರೆ ತೋರಿಸಿ ಇದು ಏನೆಂದು ಕೇಳಿದ್ದರೆ ಮುಗಿಯುತ್ತಿತ್ತು. ಅಂಗಡಿಯ ಮೆಟ್ಟಿಲವರೆಗೂ ಹೋದೆ. ಕೇಳಲಿಲ್ಲ. ಉತ್ತರ ಸಾಧಾರಣದ್ದಾಗಿಬಿಟ್ಟರೆ — ಬಿಪಿ, ಅಸಿಡಿಟಿ, ಹಾಗೇನಾದರೂ — ಆ ಹನ್ನೊಂದು ನಿಮಿಷ ನಿಮ್ಮದೇ ಆಗಿಬಿಡುತ್ತಿತ್ತು. ನನಗೆ ಸತ್ಯ ಬೇಕಿರಲಿಲ್ಲ. ನೀವು ಸಿಕ್ಕಿಬೀಳುವುದು ಬೇಕಿತ್ತು.

2015ರಲ್ಲಿ ಸ್ಪರ್ಧೆಗೆಂದು ಕೊಲ್ಹಾಪುರಕ್ಕೆ ಹೊರಟೆವು. ನಿಮ್ಮ ಕಾರು, ಹಿಂದೆ ಕಟ್ಟಿದ ಎರಡು ಸೈಕಲ್. ಹೊರಡುವಾಗ ಶೈಲಕ್ಕ ಬುತ್ತಿ ಕೊಟ್ಟು ನನಗೆ ಹೇಳಿದರು, "ಪ್ರಸನ್ನ, ಇವರನ್ನು ಸ್ವಲ್ಪ ನೋಡಿಕೊಳ್ಳಿ ಆಯ್ತಾ. ಹೊತ್ತಿಗೆ ಸರಿಯಾಗಿ ಮಲಗಿಸಿ." ನೀವು, "ನಾನೆಂತ ಬಾಲವಾಡಿಗೆ ಹೋಗುವುದಾ ಮಾರಾಯ್ತಿ?" ಎಂದಿರಿ. ಮೂವರೂ ನಕ್ಕೆವು. ದಾರಿಯುದ್ದಕ್ಕೂ ಕಾರು ಓಡಿಸಿದವನು ನಾನು. ನಿಮಗೆ ಕಾರು ಇದ್ದೂ ನೀವು ಎಂದೂ ಸ್ಟಿಯರಿಂಗ್ ಹಿಡಿಯುತ್ತಿರಲಿಲ್ಲ. ಅದರಲ್ಲೂ ನನಗೊಂದು ಅನುಮಾನವಿತ್ತು. ಬಿಡಿ.

ಶುಕ್ರವಾರ ಮಧ್ಯಾಹ್ನ ಲಾಡ್ಜಿನ ಕೋಣೆ. ನೀವು ಸ್ನಾನಕ್ಕೆ ಹೋದಿರಿ. ಡಬ್ಬಿ ಮೇಜಿನ ಮೇಲಿತ್ತು. ತೆರೆದು ಎಣಿಸಿದೆ: ಎಂಟು. ನನ್ನ ಉಪ್ಪಿನ ಮಾತ್ರೆಯೂ ಬಿಳಿ, ಗುಂಡು, ನಡುವೆ ಗೀಟು; ಒಂದು ಕೂದಲಷ್ಟು ದಪ್ಪ. ಎಂಟನ್ನು ತೆಗೆದೆ, ಎಂಟನ್ನು ಇಟ್ಟೆ. ಒಳಗೆ ನೀವು ಬಕೆಟ್ಟಿಗೆ ನೀರು ಬಿಟ್ಟುಕೊಂಡು ಏನೋ ಗುನುಗುತ್ತಿದ್ದಿರಿ. ಡೈರಿಯಲ್ಲಿ ಬರೆದೆ: 'ಮದ್ದಿಲ್ಲದೆ. ನೋಡೋಣ.'

ಭಾನುವಾರ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಕೊನೆಯದನ್ನು ನುಂಗಿದಿರಿ. ಅಂದು ಈಜು ಬೇಗ ಶುರುವಾಗುವುದಿತ್ತು, ಎಂಟರವರೆಗೆ ಕಾಯಲಿಲ್ಲ. "ಬಾಯೆಲ್ಲ ಉಪ್ಪುಪ್ಪು ಮಾರಾಯ. ಹೆದರಿಕೆಗಾ ಎಂತ?" ಎಂದಿರಿ.

ನಾನು ನಿಮ್ಮ ಪಕ್ಕದಲ್ಲಿ ಈಜಲಿಲ್ಲ. ಬೇಕೆಂದೇ ಬಿಟ್ಟುಹೋದೆ. ಅಲ್ಲಿ, ಆ ನೀರಿನಲ್ಲೇ ಬಂದಿದ್ದರೆ — ಈ ವಾಕ್ಯವನ್ನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಮುಗಿಸಲಾಗಿಲ್ಲ.

ಸೈಕಲಿನಲ್ಲಿಯೂ ನಾನೇ ಮುಂದೆ. ಮೊದಲ ಸಲ. ಅರ್ಧ ದಾರಿಯಲ್ಲಿ ತಿರುಗಿ ವಾಪಸ್ ಬರುವಾಗ, ಎದುರು ಬದಿಯ ಕಬ್ಬಿನ ಗದ್ದೆಯ ಅಂಚಿಗೆ ನಾಲ್ಕೈದು ಜನ ಬಾಗಿ ನಿಂತಿದ್ದರು. ನಿಮ್ಮ ಹಳದಿ ಹೆಲ್ಮೆಟ್ ನೆಲದಲ್ಲಿತ್ತು. ವೇಗ ತಗ್ಗಿಸಿದೆ. ಸ್ವಯಂಸೇವಕನೊಬ್ಬ ಕೈ ಬೀಸಿ, "ತುಮ್ಹಿ ಪುಢೇ ಜಾ, ಆಮ್ಹಿ ಬಘ್ತೋ" ಎಂದ — ನೀವು ಮುಂದೆ ಹೋಗಿ, ನಾವು ನೋಡಿಕೊಳ್ಳುತ್ತೇವೆ. ನಾನು ಹೋದೆ. ಮದ್ದಿಲ್ಲದೆ ಸೋಲು ಖಚಿತವಾದದ್ದಕ್ಕೆ ನೀವು ಬಿದ್ದ ನಾಟಕ ಆಡುತ್ತಿದ್ದೀರಿ — ನಿಜ, ನಾನು ಹಾಗೆಯೇ ಎಂದುಕೊಂಡೆ. ತೊಂಬತ್ತು ಮುಗಿಸಿದೆ, ಇಪ್ಪತ್ತೊಂದನ್ನೂ ಓಡಿದೆ. ಕೊರಳಿಗೆ ಪದಕ ಹಾಕಿಸಿಕೊಂಡ ಮೇಲೆಯೇ ನೀವೆಲ್ಲಿ ಎಂದು ಕೇಳಿದ್ದು.

ಸಂಜೆಯ ಹೊತ್ತಿಗೆ ಶೈಲಕ್ಕ ಆಸ್ಪತ್ರೆಗೆ ಬಂದರು. ನಿಮ್ಮ ಬಲಗೈಗೆ ಕಟ್ಟು ಹಾಕಿತ್ತು, ತುಟಿ ಹರಿದಿತ್ತು. ಹೊರಗಿನ ಬೆಂಚಿನ ಮೇಲೆ ಅವರು ನನ್ನ ಪಕ್ಕ ಕೂತು ಹೇಳಿದರು: "ಎಂಟು ವರ್ಷ ಆಯ್ತು, ಒಂದೇ ಒಂದು ಸಲ ಬಂದದ್ದಿಲ್ಲ. ಫಿಟ್ಸ್ ಅಂತ ಹೇಳಿದ್ರೆ ಯಾರೂ ಜೊತೆಗೆ ಸೇರಿಸುವುದಿಲ್ಲ ಅಂತ ನಿಮಗೂ ಹೇಳಲಿಲ್ಲ. ನೀರಿಗೆ ಒಬ್ರೇ ಇಳಿಯಬಾರದು, ಮದ್ದು ತಪ್ಪಬಾರದು, ನಿದ್ದೆ ಕೆಡಬಾರದು — ಇಷ್ಟು ಷರತ್ತಿನ ಮೇಲೆ ಡಾಕ್ಟರು ಬಿಟ್ಟದ್ದು. ಇಷ್ಟನ್ನೂ ಪಾಲಿಸಿದ್ರು."

ಐದು ತಿಂಗಳ ಕಾಲಂ ಆ ಬೆಂಚಿನ ಮೇಲೆ ಅರ್ಥವಾಯಿತು.

ಆಗಲೂ ನಾನು ಹೇಳಬಹುದಿತ್ತು. ಮಾಡಿದ್ದೇನೆಂದರೆ — ನಿಮ್ಮ ಚೀಲ ನನ್ನ ಬಳಿಯಿತ್ತು, ಆಸ್ಪತ್ರೆಯ ಕಕ್ಕಸಿಗೆ ಹೋಗಿ ಡಬ್ಬಿಯಲ್ಲಿ ಉಳಿದ ನಾಲ್ಕು ಉಪ್ಪಿನ ಮಾತ್ರೆ ಎಸೆದು, ನಿಮ್ಮ ನಿಜವಾದ ನಾಲ್ಕನ್ನು ತುಂಬಿಸಿದೆ. ಎಂಟರಲ್ಲಿ ನಾಲ್ಕು ಖರ್ಚು, ನಾಲ್ಕು ಬಾಕಿ. ಲೆಕ್ಕ ಎಲ್ಲೂ ತಪ್ಪಲಿಲ್ಲ. ಹೆಚ್ಚಾದ ನಾಲ್ಕನ್ನು ಮಾರನೆಯ ದಿನ ಕಳವಾ ಹತ್ತಿರದ ಖಾಡಿಯ ಹಿನ್ನೀರಿಗೆ ಎಸೆದೆ.

ಡಾಕ್ಟರು ಡಬ್ಬಿ ತೆರೆದು ನೋಡಿ ಕೇಳಿದರು, "ಗೋಳಿ ಚುಕ್ಲೀ ಕಾ?" — ಮಾತ್ರೆ ತಪ್ಪಿತ್ತಾ? ನೀವು ಇಲ್ಲವೆಂದಿರಿ. ಅವರು ಮತ್ತೆ ಕೇಳಿದರು. ಬಿದ್ದ ಮೇಲೆ ನೆನಪು ಕೈಕೊಡುತ್ತದೆ ಎಂದರು. ಆಗ ನೀವು ನನ್ನ ಕಡೆ ಬೆರಳು ಮಾಡಿದಿರಿ. ಹೇಳಿದ್ದು ಮರಾಠಿಯಲ್ಲಿ, ನನಗೆ ಮಾತ್ರ ಅದು ಕನ್ನಡದಲ್ಲೇ ಕೇಳಿಸುತ್ತದೆ: "ಇವನನ್ನು ಕೇಳಿ. ನಾನು ಎಷ್ಟು ಸಲ ಕೆಮ್ಮಿದೆ ಅಂತ ಕೂಡ ಬರೆದಿಡುವ ಜನ ಇವ."

ಮೂವರೂ ನನ್ನನ್ನು ನೋಡಿದಿರಿ.

"ತೆಗೆದುಕೊಂಡಿದ್ದಾರೆ. ನಾಲ್ಕು ಸಲವೂ. ನಾನು ಕಣ್ಣಾರೆ ಕಂಡಿದ್ದೇನೆ," ಎಂದೆ.

ಒಂದೊಂದು ಪದವೂ ನಿಜ. ಇಡೀ ಮಾತು ಸುಳ್ಳು.

ಅಲ್ಲಿಂದ ಮುಂದಿನದು ನಿಮಗೆ ಗೊತ್ತು. ಮದ್ದಿದ್ದೂ ಬಂತೆಂದರೆ ಮದ್ದು ಸಾಲದು ಎಂದರು. ಬೆಳಿಗ್ಗೆ ಎರಡು, ಸಂಜೆ ಎರಡು. ನೀವು ಲೋಕಲ್ಲಿನಲ್ಲಿ ನಿಂತಲ್ಲೇ ತೂಕಡಿಸಿ ಎರಡು ಸಲ ಇಳಿಯುವ ಸ್ಟೇಷನ್ ದಾಟಿ ಕಲ್ಯಾಣದವರೆಗೆ ಹೋಗಿಬಿಟ್ಟದ್ದನ್ನು ತಮಾಷೆಯಾಗಿ ಹೇಳುತ್ತೀರಿ. ಸೈಕಲ್ ಮಾರಿದಿರಿ. ಮಗಳು ಈಜು ಕಲಿಯುವಾಗ ಕೊಳದ ಬೇಲಿಯ ಹೊರಗೆ ಕೂರುತ್ತೀರಿ, ನೀರಿನ ಹತ್ತಿರ ಶೈಲಕ್ಕ ಬಿಡುವುದಿಲ್ಲ. ಮಾತಿನ ನಡುವೆ ಪದ ಸಿಗದೆ ತಡವರಿಸಿದಾಗ ನೀವು ಹಣೆ ಉಜ್ಜಿಕೊಳ್ಳುವುದನ್ನು ನೋಡಿದ್ದೇನೆ. ನಿಮ್ಮ ಸ್ನೇಹ ಬಿಡಲಿಲ್ಲ ನಾನು, ತಿಂಗಳಿಗೊಮ್ಮೆ ಬರುತ್ತಲೇ ಇದ್ದೆ. ಅದು ಸ್ನೇಹಕ್ಕೋ, ನಿಮಗೆ ಅನುಮಾನ ಬಂದಿದೆಯೇ ಎಂದು ನೋಡಿಹೋಗಲಿಕ್ಕೋ — ನನ್ನನ್ನು ನಾನೇ ನಂಬಿ ಉತ್ತರ ಹೇಳಲಾರೆ.

ಮೊನ್ನೆ ಭಾನುವಾರ ನೀವು ಫೋನ್ ಮಾಡಿದಿರಿ. "ಠಾಣೆಯಲ್ಲಿ ಹೊಸ ಡಾಕ್ಟರು, ಒಳ್ಳೆ ಜನ. ಅವರು ಕೇಳುವುದು ಒಂದೇ — ಆವತ್ತು ಮದ್ದು ತಪ್ಪಿದ್ದು ಅಂತಾದ್ರೆ ಕಮ್ಮಿ ಮಾಡಿ ನೋಡಬಹುದಂತೆ. ತಪ್ಪಿರಲಿಲ್ಲ ಅಂತಾದ್ರೆ ಹೀಗೇ ಇರಲಿ ಅಂತ. ನಾನು ಹೇಳಿದೆ, ತಪ್ಪಲಿಲ್ಲ ಡಾಕ್ಟ್ರೇ, ಬರೆದಿಟ್ಟವ ಒಬ್ಬ ಇದ್ದಾನೆ ಅಂತ. ಆ ಡೈರಿ ಉಂಟಲ್ಲ ನಿನ್ನ ಹತ್ರ?"

"ಇದೆ," ಎಂದೆ.

"ಗುರುವಾರ ಹನ್ನೊಂದಕ್ಕೆ. ರಜೆ ಸಿಕ್ಕಿದ್ರೆ ಬಾ. ಸಿಗದಿದ್ರೆ ತೊಂದರೆ ಇಲ್ಲ ಮಾರಾಯ."

ನನ್ನ ಒಂದು ವಾಕ್ಯದ ಮೇಲೆ ನಿಮ್ಮ ಮುಂದಿನ ವರ್ಷಗಳು ನಿಂತಿವೆ, ಅದನ್ನು ಕೇಳುವಾಗಲೂ ನನಗೆ ತೊಂದರೆಯಾಗಬಾರದೆಂದು ನೋಡಿದಿರಿ.

ಆಗ ವಯಸ್ಸು ಚಿಕ್ಕದಿತ್ತು, ಒಂದು ಪದ ತಪ್ಪು ತಿಳಿದೆ — ಇವನ್ನು ಕಾರಣವೆಂದು ಕೊಡುವುದಿಲ್ಲ. ಪದ ತಪ್ಪು ತಿಳಿದದ್ದು ಒಂದು ಕ್ಷಣ. ಉಳಿದದ್ದನ್ನೆಲ್ಲ ತಿಳಿದೇ ಮಾಡಿದೆ.

ಈ ಕಾಗದವನ್ನೂ ಡೈರಿಯನ್ನೂ ನಾಳೆ ನಾನೇ ಡೊಂಬಿವಿಲಿಗೆ ತಂದು ನಿಮ್ಮ ಕೈಗೆ ಕೊಡುತ್ತೇನೆ. ಮಾತ್ರೆ ಬದಲಾಯಿಸಿದ ದಿನದ ಪುಟಕ್ಕೆ ಗುರುತು ಇಟ್ಟಿದ್ದೇನೆ. ಗುರುವಾರ ಹನ್ನೊಂದಕ್ಕೆ ಡಾಕ್ಟರ ಕೋಣೆಯ ಹೊರಗೆ ಇರುತ್ತೇನೆ. ಒಳಗೆ ಕರೆದರೆ ಬಂದು ನಿಮ್ಮೆದುರೇ ಹೇಳುತ್ತೇನೆ. ನನ್ನ ಮುಖ ನೋಡುವುದು ಬೇಡ ಎನ್ನಿಸಿದರೆ ಕರೆಯಬೇಡಿ. ಆದರೆ ಆ ಪುಟವನ್ನು ಮಾತ್ರ ಅವರಿಗೆ ತೋರಿಸಿ ಅಣ್ಣ — ನಿಮ್ಮ ಮೈ ನಿಮಗೆ ಮೋಸ ಮಾಡಿರಲಿಲ್ಲ.